ಬ್ರಿಟಿಷ್ ಪಾಸ್‌ಪೋರ್ಟ್, ಫ್ರೆಂಚ್ ಕಡತ: ಫ್ರಾನ್ಸ್‌ನಲ್ಲಿ ನೆಲೆಸುವವರಿಗೆ ಕಾಗದ ಪತ್ರಗಳ ಸಮಗ್ರ ಮಾರ್ಗದರ್ಶಿ

ನನ್ನ ಹೆಂಡತಿಗೆ ಫ್ರಾನ್ಸ್‌ನಲ್ಲಿ ಬಂದ ಮೊದಲ ಸರ್ಕಾರಿ ಪತ್ರ 'ಮದಾಮ್ ಕೆ ಎಸ್' ಎಂಬುವರ ಹೆಸರಿಗಿತ್ತು. ಯಾರಪ್ಪಾ ಇದು ಅಂತ ಇಬ್ಬರೂ ಲಕೋಟೆ ಹಿಡಿದು ನಿಂತೆವು. ಆಮೇಲೆ ಹೊಳೆಯಿತು. ಹಾಸನದ ಜನನ ಪತ್ರದಲ್ಲಿ ಅವಳ ಹೆಸರಿನ ಮುಂದಿದ್ದ ಇನಿಷಿಯಲ್ ಅದು. ಕೆ ಅಂದರೆ ಊರು, ಎಸ್ ಅಂದರೆ ಅಪ್ಪ. ಇಲ್ಲಿನ ಗುಮಾಸ್ತರು 'ಹುಟ್ಟಿದಾಗಿನ ಮನೆತನದ ಹೆಸರು' ಎಂಬ ಕಾಲಂನಲ್ಲಿ ಅದನ್ನೇ ತುಂಬಿ ಕೈತೊಳೆದುಕೊಂಡಿದ್ದರು. ತಪ್ಪು ನಮ್ಮದೂ ಇತ್ತು, ಅರ್ಜಿಯಲ್ಲಿ ಹಾಗೇ ಬರೆದಿದ್ದೆವು. ಸರಿ ಮಾಡಿಸಲು ಏಳು ತಿಂಗಳು ಹಿಡಿಯಿತು.

ನಾವು ಇಂಗ್ಲೆಂಡಿನಲ್ಲಿ ಇಪ್ಪತ್ತು ವರ್ಷ ಇದ್ದು, ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡು, ಬ್ರೆಕ್ಸಿಟ್ ಆದಮೇಲೆ, ಅಂದರೆ ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟಮೇಲೆ, ಫ್ರಾನ್ಸ್‌ನ ದೊರ್ದೋನ್ ಜಿಲ್ಲೆಗೆ ಬಂದವರು. ಫ್ರಾನ್ಸ್‌ನಲ್ಲಿ ಬ್ರಿಟಿಷರು ಸುಮಾರು ಒಂದೂವರೆ ಲಕ್ಷ ಜನ ಇದ್ದಾರೆ. ನಮ್ಮ ಜಿಲ್ಲೆಯ ಎಮೆ ಎಂಬ ಪುಟ್ಟ ಊರಿನಲ್ಲಂತೂ ಕ್ರಿಕೆಟ್ ಕ್ಲಬ್ಬೇ ಇದೆ. ಹಾಗಾಗಿ ಕೇಳಲು ಜನ ಸಿಕ್ಕರು. ಆದರೆ ಕೇಳಿದ್ದರಲ್ಲಿ ಅರ್ಧ ಬ್ರೆಕ್ಸಿಟ್‌ಗೆ ಮುಂಚಿನ ಕಥೆ, ನಮಗೆ ಉಪಯೋಗವಿಲ್ಲ.

ಇಲ್ಲಿ ಆಡಳಿತ ನಡೆಯುವುದು ಕಡತದ ಮೇಲೆ. ಇಲ್ಲಿಯವರು 'ದೊಸಿಯೆ' ಅನ್ನುತ್ತಾರೆ. ಒಂದು ಕಾಗದ ಇದ್ದರೆ ಮಾತ್ರ ಇನ್ನೊಂದು ಕಾಗದ ಸಿಗುತ್ತದೆ, ಅದಿದ್ದರೆ ಮೂರನೆಯದು. ಒಂದು ಕಮ್ಮಿಯಾದರೆ ಅವರು ಫೋನ್ ಮಾಡಿ ಕೇಳುವುದಿಲ್ಲ, 'ಕಡತ ಅಪೂರ್ಣ' ಅಂತ ಪೂರ್ತಿ ಕಟ್ಟನ್ನೇ ವಾಪಸ್ ಕಳಿಸುತ್ತಾರೆ. ನಮ್ಮ ತಾಲ್ಲೂಕು ಕಚೇರಿ ನೋಡಿದವರಿಗೆ ಇದು ಹೊಸದೇನಲ್ಲ. ಅದಕ್ಕೇ ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ಕ್ರಮದಲ್ಲೇ ಹೇಳುತ್ತೇನೆ.

ನೀವು ಯಾವ ಗುಂಪು?

2020ರ ಡಿಸೆಂಬರ್ 31ಕ್ಕೆ ಮುಂಚೆಯೇ ಫ್ರಾನ್ಸ್‌ನಲ್ಲಿ ನೆಲೆಸಿದ್ದ ಬ್ರಿಟಿಷರದು ಒಂದು ಗುಂಪು. ಬ್ರಿಟನ್ ಹೊರಬರುವಾಗ ಯುರೋಪ್ ಒಕ್ಕೂಟದ ಜೊತೆ ಮಾಡಿಕೊಂಡ ನಿರ್ಗಮನ ಒಪ್ಪಂದದ ರಕ್ಷಣೆ ಅವರಿಗಿದೆ. ಆಗಲೇ 5 ವರ್ಷ ವಾಸ ಆಗಿದ್ದವರಿಗೆ 10 ವರ್ಷದ ಕಾಯಂ ಕಾರ್ಡ್ ಸಿಕ್ಕಿತು, ಉಳಿದವರಿಗೆ 5 ವರ್ಷದ್ದು. ಎರಡಕ್ಕೂ ದುಡ್ಡಿಲ್ಲ, ಭಾಷಾ ಪರೀಕ್ಷೆಯೂ ಇಲ್ಲ. ಈ ಗುಂಪಿನವರಿಗೆ ಒಂದೇ ಎಚ್ಚರಿಕೆ: 2021ರಲ್ಲಿ ಕೊಟ್ಟ 5 ವರ್ಷದ ಕಾರ್ಡ್‌ಗಳ ಅವಧಿ 2026ರಲ್ಲಿ ಮುಗಿಯುತ್ತದೆ. ಮುಗಿಯುವ ಮುನ್ನವೇ ಜಿಲ್ಲಾ ಕಚೇರಿಗೆ, ಅಂದರೆ ಪ್ರೆಫೆಕ್ಚರ್‌ಗೆ, ಕಾಯಂ ಕಾರ್ಡ್ ಕೇಳಿ ಅರ್ಜಿ ಹಾಕಬೇಕು. ಮಧ್ಯದಲ್ಲಿ ದೇಶದಿಂದ ಹೊರಗಿದ್ದ ದಿನಗಳ ಲೆಕ್ಕ ಇಟ್ಟುಕೊಳ್ಳಿ. ಕಾಯಂ ಆಗುವ ಮುಂಚೆ ಸಾಮಾನ್ಯವಾಗಿ ವರ್ಷಕ್ಕೆ 6 ತಿಂಗಳಿಗಿಂತ ಜಾಸ್ತಿ ಹೊರಗಿರುವಂತಿಲ್ಲ.

ಆಮೇಲೆ ಬಂದವರು, ಬರುವವರು ಎರಡನೇ ಗುಂಪು. ನಾವು ಇದರಲ್ಲಿ. ಫ್ರಾನ್ಸ್‌ನ ಕಣ್ಣಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಈಗ ಅಮೆರಿಕನ್ನರ ಪಾಸ್‌ಪೋರ್ಟ್ ಇದ್ದಂತೆ. 180 ದಿನಗಳಲ್ಲಿ 90 ದಿನ ವೀಸಾ ಇಲ್ಲದೆ ಇರಬಹುದು, ಅದಕ್ಕಿಂತ ಹೆಚ್ಚು ಇರಬೇಕಾದರೆ ವೀಸಾ ಬೇಕೇ ಬೇಕು. ಇಲ್ಲಿ ಸ್ವಂತ ಮನೆ ಇದ್ದರೂ ಅಷ್ಟೇ. ಮನೆ ಕೊಂಡ ಮೇಲೆ ಈ ವಿಷಯ ಗೊತ್ತಾಗಿ ತಲೆ ಮೇಲೆ ಕೈ ಹೊತ್ತವರನ್ನು ನಾನೇ ನೋಡಿದ್ದೇನೆ.

ನಮ್ಮವರಲ್ಲಿ ಇನ್ನೊಂದು ಗುಂಪಿದೆ. ಪಾಸ್‌ಪೋರ್ಟ್ ಭಾರತದ್ದು, ಬ್ರಿಟನ್ನಿನಲ್ಲಿ ಐಎಲ್‌ಆರ್, ಅಂದರೆ ಅಲ್ಲಿ ಕಾಯಂ ಆಗಿ ಇರುವ ಅನುಮತಿ, ಇರುವವರು. ಐಎಲ್‌ಆರ್ ಇದ್ದ ಮಾತ್ರಕ್ಕೆ ನೀವು ಬ್ರಿಟಿಷ್ ಆಗುವುದಿಲ್ಲ, ಫ್ರಾನ್ಸ್‌ನಲ್ಲಿ ಅದಕ್ಕೆ ಬೆಲೆಯೂ ಇಲ್ಲ. 90 ದಿನದ ಸೌಲಭ್ಯವೂ ನಿಮಗಿಲ್ಲ. ಅದರ ಮೇಲೆ, ಎರಡು ವರ್ಷ ಸತತವಾಗಿ ಬ್ರಿಟನ್ ಬಿಟ್ಟಿದ್ದರೆ ಐಎಲ್‌ಆರ್ ತಾನಾಗಿಯೇ ರದ್ದಾಗುತ್ತದೆ. ಪೌರತ್ವ ತಗೊಳ್ಳುವ ಯೋಚನೆ ಇದ್ದರೆ ಹೊರಡುವ ಮೊದಲೇ ಮುಗಿಸಿಕೊಳ್ಳಿ.

ಹೊರಡುವ ಮುನ್ನ: ವೀಸಾ ಮತ್ತು ಜನನ ಪತ್ರ

ನಿವೃತ್ತರು, ಬಾಡಿಗೆ ಅಥವಾ ಉಳಿತಾಯದ ಹಣದಲ್ಲಿ ಬದುಕುವವರು ಕೇಳಬೇಕಾದ್ದು 'ವಿಸಿಟರ್' ದೀರ್ಘಾವಧಿ ವೀಸಾ. ಹೆಸರು ಕೇಳಿ ಪ್ರವಾಸಿ ವೀಸಾ ಅಂದುಕೊಳ್ಳಬೇಡಿ, ಇದು ಒಂದು ವರ್ಷದ ವಾಸದ ಪರವಾನಗಿಯೂ ಹೌದು. ಫ್ರಾನ್ಸ್ ವೀಸಾಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ತುಂಬಿ, ಆಮೇಲೆ ಲಂಡನ್, ಮ್ಯಾಂಚೆಸ್ಟರ್ ಅಥವಾ ಎಡಿನ್‌ಬರಾದ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕು. ಪ್ರಯಾಣದ ದಿನಕ್ಕೆ ಮೂರು ತಿಂಗಳು ಇರುವಾಗ ಅರ್ಜಿ ಶುರುವಾಗುತ್ತದೆ, ಅದಕ್ಕೂ ಮುಂಚೆ ಹಾಕಲು ಬರುವುದಿಲ್ಲ.

ಅವರು ನೋಡುವುದು ಮೂರು. ಇರಲು ಜಾಗ ಇದೆಯಾ, ವರ್ಷಪೂರ್ತಿ ಆರೋಗ್ಯ ವಿಮೆ ಇದೆಯಾ, ಕೆಲಸ ಮಾಡದೆ ಬದುಕಲು ದುಡ್ಡಿದೆಯಾ. ದುಡ್ಡಿಗೆ ಅಳತೆ ಫ್ರಾನ್ಸ್‌ನ ಕನಿಷ್ಠ ವೇತನ. 2025ರಲ್ಲಿ ಅದು ಕೈಗೆ ಬರುವ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 1,426 ಯೂರೋ ಇತ್ತು. ಫ್ರಾನ್ಸ್‌ನಲ್ಲಿ ಕೆಲಸ ಮಾಡುವುದಿಲ್ಲ ಅಂತ ನಿಮ್ಮ ಕೈಯಿಂದಲೇ ಬರೆಸಿಕೊಳ್ಳುತ್ತಾರೆ. ಲ್ಯಾಪ್‌ಟಾಪ್ ಇಟ್ಟುಕೊಂಡು ಲಂಡನ್ ಕಂಪನಿಗೆ ಕೆಲಸ ಮಾಡಿದರೆ ಯಾರಿಗೆ ಗೊತ್ತಾಗುತ್ತೆ ಅನ್ನುವವರೂ ಇದ್ದಾರೆ. ನನ್ನ ಮಾತು ಕೇಳಿ, ಆ ಸಾಹಸ ಬೇಡ. ತೆರಿಗೆ, ಆರೋಗ್ಯ ವಿಮೆ, ಕಾರ್ಡ್ ನವೀಕರಣ ಮೂರೂ ಅದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ.

ಈಗ ಜನನ ಪತ್ರ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಜನ ಮರೆಯುವುದು ಇದನ್ನೇ. ಫ್ರಾನ್ಸ್‌ನಲ್ಲಿ ಪ್ರತಿಯೊಬ್ಬರ ಜನನ ದಾಖಲೆಯ ಅಂಚಿನಲ್ಲಿ ಮದುವೆ, ವಿಚ್ಛೇದನ ಎಲ್ಲವನ್ನೂ ಬರೆಯುತ್ತಾ ಹೋಗುತ್ತಾರೆ. ಹಾಗಾಗಿ ಇಲ್ಲಿಯ ಕಚೇರಿಗಳಿಗೆ ಮೂರು ತಿಂಗಳ ಒಳಗಿನ ಹೊಸ ಪ್ರತಿ ಕೇಳುವುದು ಅಭ್ಯಾಸ. ಭಾರತದಲ್ಲೂ ಬ್ರಿಟನ್ನಿನಲ್ಲೂ ಹುಟ್ಟಿದಾಗ ಬರೆದದ್ದು ಹಾಗೇ ಇರುತ್ತದೆ. ಅದನ್ನು ವಾದಿಸಿ ಗೆಲ್ಲುವುದಕ್ಕಿಂತ ಹೊಸ ಪ್ರತಿ ತರಿಸುವುದೇ ಸಲೀಸು. ಬ್ರಿಟನ್ನಿನಲ್ಲಿ ಹುಟ್ಟಿದ ಮಕ್ಕಳಿಗೆ ಅಪ್ಪ ಅಮ್ಮನ ಹೆಸರಿರುವ ದೊಡ್ಡ ಪ್ರತಿಯೇ ಬೇಕು, ಚಿಕ್ಕದು ನಡೆಯುವುದಿಲ್ಲ.

ಕರ್ನಾಟಕದಲ್ಲಿ ಹುಟ್ಟಿದವರು ಇ-ಜನ್ಮ ತಂತ್ರಾಂಶದ, ಕನ್ನಡ ಇಂಗ್ಲಿಷ್ ಎರಡೂ ಇರುವ ಪ್ರಮಾಣಪತ್ರ ತೆಗೆಸಿಕೊಳ್ಳಿ. ಬರೀ ಕನ್ನಡದ ಹಳೆಯ ಕೈಬರಹದ ಪತ್ರ ಇದ್ದರೆ ಕನ್ನಡದಿಂದ ಫ್ರೆಂಚ್‌ಗೆ ಕೋರ್ಟಿನ ಮಾನ್ಯತೆ ಇರುವ ಅನುವಾದಕರನ್ನು ಹುಡುಕುವುದು ದೊಡ್ಡ ತಲೆನೋವು. ಇಂಗ್ಲಿಷ್‌ನಿಂದ ಮಾಡುವವರು ಊರಿಗೊಬ್ಬರು ಸಿಗುತ್ತಾರೆ. ಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ದೆಹಲಿಯ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಬೇರೆ ದೇಶಗಳೂ ಒಪ್ಪುವ ದೃಢೀಕರಣದ ಮುದ್ರೆ. ಭಾರತ 2005ರಿಂದ ಈ ಮುದ್ರೆಯ ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ, ಹಾಗಾಗಿ ರಾಯಭಾರ ಕಚೇರಿ ಸುತ್ತುವ ಕೆಲಸ ಇಲ್ಲ. ಇದನ್ನೆಲ್ಲ ಭಾರತಕ್ಕೆ ಹೋದಾಗ ಮಾಡಿಸಿ. ಫ್ರಾನ್ಸ್‌ನಲ್ಲಿ ಕೂತು ಹಾಸನದ ಭಾವಮೈದನಿಂದ ಮಾಡಿಸಿದರೆ ಸಂಬಂಧ ಕೆಡುತ್ತದೆ, ನಾನು ಅನುಭವಸ್ಥ.

ಹೆಸರಿನ ವಿಷಯ. ಇಲ್ಲಿ ಹೆಣ್ಣುಮಕ್ಕಳು ಸರ್ಕಾರದ ಲೆಕ್ಕದಲ್ಲಿ ಸಾಯುವತನಕ ಹುಟ್ಟಿದ ಮನೆಯ ಹೆಸರಿನವರೇ. ಗಂಡನ ಹೆಸರು ಬರೀ ಬಳಕೆಯ ಹೆಸರು. ಬ್ರಿಟಿಷ್ ಹೆಂಗಸರೂ ಇದರಲ್ಲಿ ಎಡವುತ್ತಾರೆ, ಮೂವತ್ತು ವರ್ಷದಿಂದ ಬಳಸದ ಹೆಸರನ್ನು ಔಷಧಿ ಅಂಗಡಿಯಲ್ಲಿ ಕೂಗಿದಾಗ ಯಾರನ್ನೋ ಕರೆದರು ಅಂತ ಸುಮ್ಮನೆ ಕೂತಿರುತ್ತಾರೆ. ಇನಿಷಿಯಲ್ ಇರುವ ನಮ್ಮವರು ಮೊದಲ ಅರ್ಜಿಗೆ ಮುಂಚೆಯೇ ಒಂದು ತೀರ್ಮಾನಕ್ಕೆ ಬನ್ನಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಎಲ್ಲ ಅರ್ಜಿಯಲ್ಲೂ ಒಂದೇ ಥರ. ಪಾಸ್‌ಪೋರ್ಟಿಗೂ ಜನನ ಪತ್ರಕ್ಕೂ ಹೊಂದದಿದ್ದರೆ, 'ಎರಡೂ ಹೆಸರು ಒಬ್ಬರದೇ' ಎಂಬ ಪ್ರಮಾಣಪತ್ರವನ್ನು ಹೊರಡುವ ಮುನ್ನ ಮಾಡಿಸಿ, ಅದಕ್ಕೂ ಅನುವಾದ ಮಾಡಿಸಿ ಕಡತಕ್ಕೆ ಸೇರಿಸಿ.

ಮೊದಲ ಮೂರು ತಿಂಗಳು

ಬಂದ ತಕ್ಷಣ ಬೇಕಾಗುವುದು ವಿಳಾಸದ ಪುರಾವೆ. ಇಲ್ಲಿ ಅದಕ್ಕೆ ಕರೆಂಟ್ ಬಿಲ್ಲೇ ರಾಜ. ಕರೆಂಟ್ ಸಂಪರ್ಕಕ್ಕೆ ಬ್ಯಾಂಕ್ ಖಾತೆ ಕೇಳುತ್ತಾರೆ, ಬ್ಯಾಂಕ್ ಖಾತೆಗೆ ಕರೆಂಟ್ ಬಿಲ್ ಕೇಳುತ್ತಾರೆ. ಈ ಗಂಟು ಬಿಚ್ಚುವ ದಾರಿ ಹೀಗೆ: ಬಾಡಿಗೆ ಕರಾರು ಅಥವಾ ಮನೆ ಕೊಂಡಾಗ ನೋತೆರ್, ಅಂದರೆ ಆಸ್ತಿ ಪತ್ರ ಮಾಡುವ ಕಾನೂನು ಅಧಿಕಾರಿ, ಕೊಡುವ ಪತ್ರ ತೋರಿಸಿ ಬ್ಯಾಂಕ್ ಖಾತೆ ತೆರೆಯಿರಿ. ನೆಂಟರ ಮನೆಯಲ್ಲಿದ್ದರೆ ಅವರು ಬರೆದುಕೊಡುವ ವಾಸದ ಪತ್ರ, ಅವರ ಬಿಲ್, ಅವರ ಗುರುತಿನ ಚೀಟಿ, ಮೂರೂ ಒಟ್ಟಿಗೆ ಕೊಡಿ. ಬ್ಯಾಂಕ್ ಒಪ್ಪದಿದ್ದರೆ ನಿರಾಕರಣೆಯನ್ನು ಬರಹದಲ್ಲಿ ಕೇಳಿ. ಅದನ್ನು ಹಿಡಿದು ಬಾಂಕ್ ದ ಫ್ರಾನ್ಸ್‌ಗೆ ಹೋದರೆ 'ಖಾತೆಯ ಹಕ್ಕು' ಎಂಬ ಕಾನೂನಿನಡಿ ಅವರೇ ಒಂದು ಬ್ಯಾಂಕ್ ಗೊತ್ತುಮಾಡಿ ಕೊಡುತ್ತಾರೆ. ಖಾತೆ ತೆರೆದ ಕೂಡಲೇ 'ರಿಬ್' ಎಂಬ ಒಂದು ಹಾಳೆಯ ಹತ್ತು ಪ್ರಿಂಟ್ ತೆಗೆದಿಡಿ. ಖಾತೆ ಸಂಖ್ಯೆ ಇರುವ ಹಾಳೆ ಅದು. ಎಲ್ಲರೂ ಕೇಳುತ್ತಾರೆ.

ಇನ್ನು ವೀಸಾ ಊರ್ಜಿತಗೊಳಿಸುವುದು. ಬಂದ ಮೂರು ತಿಂಗಳೊಳಗೆ ಗೃಹ ಇಲಾಖೆಯ ವಿದೇಶಿಯರ ಜಾಲತಾಣದಲ್ಲಿ ವೀಸಾ ಸಂಖ್ಯೆ, ಪ್ರವೇಶದ ದಿನ, ವಿಳಾಸ ತುಂಬಿ, ಸ್ಟಾಂಪ್ ಶುಲ್ಕ ಕಟ್ಟಬೇಕು. ಹತ್ತು ನಿಮಿಷದ ಕೆಲಸ. ಮರೆತರೆ ವೀಸಾ ಬಿದ್ದುಹೋಗುತ್ತದೆ, ಮತ್ತೆ ಲಂಡನ್‌ನಿಂದ ಶುರು. ಕೊನೆಗೆ ಬರುವ ಪಿಡಿಎಫ್ ಅನ್ನು ಪ್ರಿಂಟ್ ತೆಗೆದು ಪಾಸ್‌ಪೋರ್ಟಿನ ಜೊತೆಗೇ ಇಡಿ.

2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು ತಗೊಳ್ಳುವ ಹೊಸ ಪದ್ಧತಿ ಬಂದಿದೆ. ವಾಸದ ಕಾರ್ಡ್ ಅಥವಾ ದೀರ್ಘಾವಧಿ ವೀಸಾ ಇರುವವರಿಗೆ ಅದು ಅನ್ವಯಿಸುವುದಿಲ್ಲ. ಆದರೆ ಡೋವರ್‌ನಲ್ಲಿ ನಿಂತ ಪೊಲೀಸಿನವರಿಗೆ ನಿಮ್ಮ ಮುಖ ನೋಡಿ ಅದು ಗೊತ್ತಾಗುತ್ತಾ? ಕೇಳುವ ಮುಂಚೆಯೇ ಪಾಸ್‌ಪೋರ್ಟ್ ಮೇಲೆ ಕಾರ್ಡ್ ಇಟ್ಟು ಕೊಡಿ.

ಆರೋಗ್ಯ: ಹದಿನೈದು ಅಂಕಿಯ ಸಂಖ್ಯೆ

ಬ್ರಿಟನ್ನಿನ ವೃದ್ಧಾಪ್ಯ ಪಿಂಚಣಿ (ಸ್ಟೇಟ್ ಪೆನ್ಷನ್) ಬರುತ್ತಿದ್ದರೆ ನಿಮ್ಮ ದಾರಿ ಸುಲಭ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಿಂದ ಎಸ್1 ಫಾರಂ ತರಿಸಿ, ಇಲ್ಲಿಯ ಆರೋಗ್ಯ ವಿಮಾ ಕಚೇರಿಗೆ, ಎಲ್ಲರೂ 'ಸೇಪಾಮ್' ಅನ್ನುತ್ತಾರೆ, ಕೊಡಿ. ನಿಮ್ಮ ಖರ್ಚನ್ನು ಬ್ರಿಟನ್ ಭರಿಸುತ್ತದೆ. ಬ್ರೆಕ್ಸಿಟ್ ನಂತರ ಬಂದ ಪಿಂಚಣಿದಾರರಿಗೂ ಇದು ಇದೆ. ಇನ್ನೊಂದು ಲಾಭ, ಎಸ್1 ಇದ್ದವರ ಪಿಂಚಣಿ ಮೇಲೆ ಫ್ರಾನ್ಸ್‌ನ ಸಾಮಾಜಿಕ ವಂತಿಗೆ ಬೀಳುವುದಿಲ್ಲ.

ಅಷ್ಟು ವಯಸ್ಸಾಗದವರು ಮೂರು ತಿಂಗಳು ಕಾಯ್ದು, 'ಪ್ಯೂಮಾ' ಎಂಬ ಸಾರ್ವತ್ರಿಕ ಯೋಜನೆಗೆ ಅರ್ಜಿ ಹಾಕಬೇಕು. 2016ರಿಂದ ಇದೆ. ಕಾಯಂ ವಾಸ ತೋರಿಸಬೇಕು, ಅಂದರೆ ಮೂರು ತಿಂಗಳ ಬಿಲ್, ಬಾಡಿಗೆ ರಶೀದಿ, ವೀಸಾ, ಜನನ ಪತ್ರ, ರಿಬ್. ವಿಸಿಟರ್ ವೀಸಾದವರು ವಂತಿಗೆಯ ನಿಯಮ ಏನಿದೆ ಅಂತ ಅರ್ಜಿ ಹಾಕುವ ದಿನವೇ ಒಮ್ಮೆ ಕೇಳಿ. ಬಜೆಟ್ ಬಂದಾಗಲೆಲ್ಲ ರಾಜಕಾರಣಿಗಳ ಕಣ್ಣು ಅದರ ಮೇಲೆ ಬೀಳುತ್ತದೆ. ಖಾಸಗಿ ವಿಮೆಯನ್ನು ಮಾತ್ರ, ಹಕ್ಕಿನ ಪತ್ರ ಕೈಗೆ ಬರುವವರೆಗೆ ನಿಲ್ಲಿಸಬೇಡಿ.

ಮೊದಲು 7 ಅಥವಾ 8ರಿಂದ ಶುರುವಾಗುವ ತಾತ್ಕಾಲಿಕ ಸಂಖ್ಯೆ ಬರಬಹುದು. ಜನನ ಪತ್ರ ಪರಿಶೀಲಿಸಿದ ಮೇಲೆ ನಿಜವಾದ ಸಂಖ್ಯೆ ಬರುತ್ತದೆ. ಅದನ್ನು ಓದುವುದೇ ಒಂದು ಮಜ. ಗಂಡಸಿಗೆ 1, ಹೆಂಗಸಿಗೆ 2. ಮುಂದಿನ ಎರಡು ಅಂಕಿ ಹುಟ್ಟಿದ ವರ್ಷ, ಆಮೇಲೆ ತಿಂಗಳು. ಆಮೇಲೆ ಫ್ರಾನ್ಸ್‌ನಿಂದ ಹೊರಗೆ ಹುಟ್ಟಿದವರಿಗೆಲ್ಲ 99, ಅದರ ಹಿಂದೆ ದೇಶದ ಮೂರಂಕಿ. ಬ್ರಿಟನ್ನಿನಲ್ಲಿ ಹುಟ್ಟಿದ ನಮ್ಮ ಮಗನಿಗೆ 132. ನಮಗಿಬ್ಬರಿಗೂ 223, ಅಂದರೆ ಭಾರತ. ಪಾಸ್‌ಪೋರ್ಟ್ ಎಷ್ಟು ಬದಲಾದರೂ ಈ ಸಂಖ್ಯೆ ಮಾತ್ರ ಹಾಸನವನ್ನು ಬಿಡುವುದಿಲ್ಲ. ಬಂದ ತಕ್ಷಣ ಈ ಅಂಕಿಗಳನ್ನು ಜನನ ಪತ್ರದ ಜೊತೆ ತಾಳೆ ನೋಡಿ. ತಿಂಗಳು ತಪ್ಪಾಗಿದ್ದರೆ ಆಗಲೇ ಹೇಳಿ, ಆಮೇಲೆ ಇದೇ ಸಂಖ್ಯೆ ಎಲ್ಲ ಕಚೇರಿಗೂ ಹರಡಿಕೊಳ್ಳುತ್ತದೆ.

ಹಸಿರು ಬಣ್ಣದ 'ಕಾರ್ತ್ ವಿತಾಲ್' ಬಂದಮೇಲೆ ಮಾಡಬೇಕಾದ ಮೊದಲ ಕೆಲಸ ಒಬ್ಬ ಕುಟುಂಬ ವೈದ್ಯರನ್ನು ಹೆಸರಿಸುವುದು. ಲೆಕ್ಕ ನೋಡಿ. ವೈದ್ಯರ ಶುಲ್ಕ 30 ಯೂರೋ. ಸರ್ಕಾರ ಅದರ ಶೇ. 70, ಅಂದರೆ 21 ಯೂರೋ ಕೊಡುತ್ತದೆ, ಅದರಲ್ಲಿ 2 ಯೂರೋ ಮುರಿದುಕೊಳ್ಳುತ್ತದೆ. ಕೈಗೆ 19. ಕುಟುಂಬ ವೈದ್ಯರನ್ನು ಹೆಸರಿಸದೆ ಹೋದರೆ ಶೇ. 30 ಮಾತ್ರ, ಕೈಗೆ 7 ಯೂರೋ. ವೈದ್ಯರನ್ನು ಹೆಸರಿಸಿದವರಿಗೆ ಸರ್ಕಾರ ಕೊಡದೆ ಉಳಿಯುವ ಶೇ. 30, ಅಂದರೆ 9 ಯೂರೋ ತುಂಬಲು 'ಮ್ಯುಚುಯೆಲ್' ಎಂಬ ಪೂರಕ ವಿಮೆ ಇದೆ. ಹಳ್ಳಿ ಕಡೆ ಹೊಸ ರೋಗಿಗಳನ್ನು ತಗೊಳ್ಳುವ ವೈದ್ಯರು ಸಿಗುವುದು ಕಷ್ಟ. ಮನೆ ನೋಡುವಾಗಲೇ ಔಷಧಿ ಅಂಗಡಿಯಲ್ಲಿ ಒಂದು ಮಾತು ಕೇಳಿ, ಅವರಿಗೆ ಗೊತ್ತಿರುತ್ತದೆ.

ತೆರಿಗೆ: ಸೊನ್ನೆ ಬಂದರೂ ತುಂಬಬೇಕು

ಹಿಂದಿನ ವರ್ಷದ ಆದಾಯವನ್ನು ಏಪ್ರಿಲ್‌ನಿಂದ ಜೂನ್ ಶುರುವಿನ ಒಳಗೆ ಘೋಷಿಸಬೇಕು. ತೆರಿಗೆ ಸಂಖ್ಯೆ ಇಲ್ಲದವರು ಮೊದಲ ಸಲ 2042 ಎಂಬ ಕಾಗದದ ಫಾರಂ ತುಂಬುವುದು ವಾಡಿಕೆ. ವಿದೇಶದ ಆದಾಯಕ್ಕೆ ಜೊತೆಗೆ 2047. ಕಟ್ಟಬೇಕಾದ ತೆರಿಗೆ ಸೊನ್ನೆ ಆದರೂ ತುಂಬಿ, ಯಾಕಂದರೆ ಆಮೇಲೆ ಬರುವ ತೆರಿಗೆ ಪತ್ರ, 'ಅವಿ ದಾಂಪೊಸಿಸಿಯೋಂ', ಇಲ್ಲಿ ಚಿನ್ನದಂಥ ಕಾಗದ. ಕಾರ್ಡ್ ನವೀಕರಣಕ್ಕೆ, ಬಾಡಿಗೆ ಮನೆಗೆ, ಮಕ್ಕಳ ಶಾಲೆಯ ಊಟದ ದರಕ್ಕೂ ಅದನ್ನೇ ಕೇಳುತ್ತಾರೆ.

ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಏಪ್ರಿಲ್ 5. ಇಲ್ಲಿ ಜನವರಿಯಿಂದ ಡಿಸೆಂಬರ್. ಆದ್ದರಿಂದ ಬ್ರಿಟನ್ನಿನಿಂದ ಬರುವ ವಾರ್ಷಿಕ ಪತ್ರವನ್ನು ನೋಡಿ ಸುಮ್ನೆ ನಕಲು ಮಾಡಬೇಡಿ. ತಿಂಗಳು ತಿಂಗಳ ಚೀಟಿ ಕೂಡಿಸಿ, ವರ್ಷದ ಸರಾಸರಿ ದರದಲ್ಲಿ ಯೂರೋಗೆ ತಿರುಗಿಸಿ, ಆ ಲೆಕ್ಕದ ಹಾಳೆಯನ್ನು ಇಟ್ಟುಕೊಳ್ಳಿ. ಬ್ರಿಟನ್, ಫ್ರಾನ್ಸ್ ನಡುವಿನ 2008ರ ತೆರಿಗೆ ಒಪ್ಪಂದದ ಪ್ರಕಾರ ಸಾಮಾನ್ಯ ಪಿಂಚಣಿಗೆ, ವೃದ್ಧಾಪ್ಯ ಪಿಂಚಣಿಗೂ, ತೆರಿಗೆ ಫ್ರಾನ್ಸ್‌ನಲ್ಲಿ. ಸೈನ್ಯ, ಪೊಲೀಸ್, ಸರ್ಕಾರಿ ನೌಕರಿಯ ಪಿಂಚಣಿಗೆ ಬ್ರಿಟನ್ನಿನಲ್ಲಿ. ಆದರೂ ಅದನ್ನು ಇಲ್ಲಿ ತೋರಿಸಬೇಕು, ಆಮೇಲೆ ಅಷ್ಟೇ ಮೊತ್ತದ ರಿಯಾಯಿತಿ ಕೊಟ್ಟು ವಜಾ ಮಾಡುತ್ತಾರೆ. ಬ್ರಿಟನ್ನಿನಲ್ಲಿ ತೆರಿಗೆಯಿಲ್ಲದ, ಐಸಾ ಎಂಬ ಉಳಿತಾಯ ಖಾತೆಗೆ ಇಲ್ಲಿ ಯಾವ ಮರ್ಯಾದೆಯೂ ಇಲ್ಲ, ಅದರ ಬಡ್ಡಿಗೆ ತೆರಿಗೆ ಇದೆ.

ಎಲ್ಲಕ್ಕಿಂತ ಮುಖ್ಯ 3916 ಫಾರಂ. ಫ್ರಾನ್ಸ್‌ನ ಹೊರಗಿರುವ ಪ್ರತಿಯೊಂದು ಖಾತೆಯನ್ನೂ ಅದರಲ್ಲಿ ಬರೆಯಬೇಕು. ಬಿಟ್ಟರೆ ಖಾತೆಯೊಂದಕ್ಕೆ 1,500 ಯೂರೋ ದಂಡ. ಬ್ರಿಟಿಷ್ ನೆರೆಯವರು ಇಂಗ್ಲೆಂಡಿನ ಎರಡು ಖಾತೆ ಬರೆದು ಮುಗಿಸುತ್ತಾರೆ. ನಮ್ಮವರ ಪಟ್ಟಿ ಅಷ್ಟಕ್ಕೆ ನಿಲ್ಲುತ್ತಾ? ಅನಿವಾಸಿಗಳಿಗಾಗಿ ಬೆಂಗಳೂರಿನಲ್ಲಿ ತೆರೆದ ಎನ್‌ಆರ್‌ಇ, ಎನ್‌ಆರ್‌ಓ ಖಾತೆಗಳು, ಅಪ್ಪನ ಜೊತೆ ಜಂಟಿಯಾಗಿ ತೆರೆದು ಮರೆತ ಖಾತೆ, ಫೋನಿನಲ್ಲಿರುವ ವಿದೇಶಿ ಬ್ಯಾಂಕಿಂಗ್ ಆ್ಯಪ್, ಕೊನೆಗೆ ಎಲ್‌ಐಸಿ ಪಾಲಿಸಿ ಕೂಡ, ಯಾಕಂದರೆ ವಿದೇಶದ ಜೀವವಿಮೆಯೂ ಈ ಲೆಕ್ಕಕ್ಕೆ ಬರುತ್ತದೆ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಒಂದು ಭಾನುವಾರ ಕೂತು ಪಾಸ್‌ಬುಕ್‌ಗಳನ್ನೆಲ್ಲ ಹರಡಿಕೊಂಡು ಪಟ್ಟಿ ಮಾಡಿ. ನಾವು ಮಾಡಿದಾಗ ಹನ್ನೊಂದು ಸಿಕ್ಕವು.

ಸ್ವಂತ ಮನೆ ಇದ್ದರೆ ಜನವರಿ 1ರಂದು ಯಾರು ಮಾಲೀಕರೋ ಅವರಿಗೆ ಆ ವರ್ಷದ ಆಸ್ತಿ ತೆರಿಗೆ ಬರುತ್ತದೆ. ವಾಸದ ತೆರಿಗೆ ಮುಖ್ಯ ಮನೆಗೆ 2023ರಿಂದ ಇಲ್ಲ, ಎರಡನೇ ಮನೆಗೆ ಇದೆ. ಹಾಗಾಗಿ ಮನೆಯಲ್ಲಿ ಯಾರಿದ್ದಾರೆ ಅಂತ ತೆರಿಗೆ ಜಾಲತಾಣದಲ್ಲಿ ತಿಳಿಸದಿದ್ದರೆ ಬೇಡದ ಬಿಲ್ ಬರುತ್ತದೆ.

ಕಾರು ಮತ್ತು ಲೈಸೆನ್ಸ್

2021ರ ಜನವರಿ 1ಕ್ಕೆ ಮುಂಚೆ ಕೊಟ್ಟ ಬ್ರಿಟಿಷ್ ಲೈಸೆನ್ಸ್ ಇದ್ದರೆ ಅದರ ಅವಧಿ ಮುಗಿಯುವವರೆಗೆ ಇಲ್ಲಿ ಓಡಿಸಬಹುದು. ಮುಗಿಯಲು 6 ತಿಂಗಳಿರುವಾಗ ವಿನಿಮಯಕ್ಕೆ ಅರ್ಜಿ ಹಾಕಿ. ಫೋಟೋ ಕಾರ್ಡಿನ ಹತ್ತು ವರ್ಷದ ಗಡುವನ್ನೂ ನೋಡಿ, ಅದನ್ನು ಬ್ರಿಟನ್ನಿನ ವಿಳಾಸ ಇಲ್ಲದೆ ನವೀಕರಿಸಲು ಆಗುವುದಿಲ್ಲ. ಆ ದಿನದ ನಂತರ ಕೊಟ್ಟ ಲೈಸೆನ್ಸ್ ಆದರೆ ನೆಲೆಸಿದ ಒಂದು ವರ್ಷದೊಳಗೆ ಬದಲಿಸಿಕೊಳ್ಳಬೇಕು. ಅರ್ಜಿಯೆಲ್ಲ ಆನ್‌ಲೈನ್.

ಇಂಗ್ಲೆಂಡಿನ ಕಾರು ತರುವ ಆಸೆ ಇದ್ದರೆ ಮೊದಲು ಲೆಕ್ಕ ಹಾಕಿ. ಆರು ತಿಂಗಳಿಂದ ನಿಮ್ಮದೇ ಆಗಿದ್ದು, ವಾಸ ಬದಲಾವಣೆಯ ಜೊತೆಗೆ ತಂದರೆ ಸುಂಕ ವಿನಾಯಿತಿ ಸಿಗುತ್ತದೆ. ಇಲ್ಲದಿದ್ದರೆ ಸಾಮಾನ್ಯವಾಗಿ ಶೇ. 10 ಸುಂಕ, ಅದರ ಮೇಲೆ ಶೇ. 20 ವ್ಯಾಟ್. ಕಸ್ಟಮ್ಸ್‌ನವರ 846ಎ ಪತ್ರ ಇಲ್ಲದೆ ನೋಂದಣಿ ಆಗದು. ನಾಲ್ಕು ವರ್ಷ ದಾಟಿದ ಕಾರಿಗೆ ತಾಂತ್ರಿಕ ತಪಾಸಣೆ ಬೇಕು, ಎಡಕ್ಕೆ ಬೀಳುವ ಹೆಡ್‌ಲೈಟ್ ಬದಲಿಸಬೇಕು. ನಾವು ಹಳೇ ಕಾರನ್ನು ಅಲ್ಲೇ ಮಾರಿ ಬಂದೆವು, ಒಂದು ದಿನವೂ ಬೇಜಾರಾಗಿಲ್ಲ.

ಚಿಲ್ಲರೆ ವಿಷಯಗಳು

ಇಂಗ್ಲೆಂಡಿನಿಂದ ನಾಯಿ ತರುವಾಗ ಪ್ರಯಾಣಕ್ಕೆ 10 ದಿನದೊಳಗೆ ಅಲ್ಲಿಯ ಪಶುವೈದ್ಯರು ಕೊಟ್ಟ ಆರೋಗ್ಯ ಪತ್ರ ಬೇಕು. ಇಲ್ಲಿಗೆ ಬಂದಮೇಲೆ ಫ್ರೆಂಚ್ ವೈದ್ಯರಿಂದ ಯುರೋಪಿನ ಪಾಸ್‌ಪೋರ್ಟ್ ಮಾಡಿಸಿಕೊಂಡರೆ ಪ್ರತಿಸಲ ಆ ಖರ್ಚು ತಪ್ಪುತ್ತದೆ.

ಬ್ರಿಟನ್ನಿನಿಂದ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪವೂ ಹಾಲಿನದೇ. ಲಂಡನ್ನಿನ ಸೌತಾಲ್‌ನಲ್ಲಿ ಕೊಂಡ ಎರಡು ಕೆಜಿ ಡಬ್ಬಿಯನ್ನು ಬಂದರಿನಲ್ಲಿ ಕಸದ ಬುಟ್ಟಿಗೆ ಹಾಕುವಾಗ ಹೊಟ್ಟೆ ಉರಿಯುತ್ತದೆ. ಇಲ್ಲಿಯ ಬೆಣ್ಣೆ ಕಾಯಿಸಿ, ತುಪ್ಪ ಚೆನ್ನಾಗೇ ಆಗುತ್ತದೆ.

ಬ್ರಿಟನ್ ಬಿಟ್ಟು 15 ವರ್ಷ ಆದವರಿಗೆ ಅಲ್ಲಿಯ ಮತದಾನ ಇಲ್ಲ ಎಂಬ ನಿಯಮ 2024ರ ಜನವರಿ 16ರಂದು ಹೋಯಿತು. ಕೊನೆಯದಾಗಿ ಇದ್ದ ವಿಳಾಸದ ಹೆಸರಲ್ಲಿ ಈಗ ನೋಂದಾಯಿಸಬಹುದು. ಫ್ರಾನ್ಸ್‌ನ ಪುರಸಭೆ ಚುನಾವಣೆಯ ಮತ ಮಾತ್ರ ಬ್ರೆಕ್ಸಿಟ್ ಜೊತೆಗೇ ಕಳೆದುಹೋಯಿತು.

ಇಂಟರ್ನೆಟ್ ಕೈಕೊಟ್ಟರೆ ಅಥವಾ ಭಾಷೆ ತೊಡರಿದರೆ ಹತ್ತಿರದ 'ಫ್ರಾನ್ಸ್ ಸೆರ್ವಿಸ್' ಕೇಂದ್ರಕ್ಕೆ ಹೋಗಿ. ಕಂಪ್ಯೂಟರ್ ಮುಂದೆ ನಿಮ್ಮ ಪಕ್ಕದಲ್ಲೇ ಕೂತು ಅರ್ಜಿ ತುಂಬಲು ಸಹಾಯ ಮಾಡುತ್ತಾರೆ, ದುಡ್ಡಿಲ್ಲ. ಮಾತು ಶುರು ಮಾಡುವ ಮುಂಚೆ 'ಬೋಂಜೂರ್' ಹೇಳಿ. ಇದು ತಮಾಷೆಯಲ್ಲ. ಅದಿಲ್ಲದೆ ನೇರ ಪ್ರಶ್ನೆ ಕೇಳಿದರೆ ಕೌಂಟರಿನ ಆ ಕಡೆಯ ಮುಖ ಬಾಡಿಹೋಗುತ್ತದೆ.

ನವೀಕರಣ

ವಿಸಿಟರ್ ಕಾರ್ಡ್ ವರ್ಷಕ್ಕೊಮ್ಮೆ. ಅವಧಿ ಮುಗಿಯಲು ನಾಲ್ಕು ತಿಂಗಳಿಂದ ಎರಡು ತಿಂಗಳು ಇರುವ ನಡುವೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ವೀಸಾ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮನೆ ಬದಲಿಸಿದರೆ ಮೂರು ತಿಂಗಳಲ್ಲಿ ಹೊಸ ವಿಳಾಸ ತಿಳಿಸಿ. ಐದು ವರ್ಷ ಆದಮೇಲೆ 10 ವರ್ಷದ ಕಾರ್ಡ್ ಕೇಳಬಹುದು. 2024ರ ವಲಸೆ ಕಾನೂನಿನ ಪ್ರಕಾರ 2026ರ ಜನವರಿಯಿಂದ ಅದಕ್ಕೆ ಬಿ1, ಅಂದರೆ ಮಧ್ಯಮ ಮಟ್ಟದ ಫ್ರೆಂಚ್ ಬೇಕು, ಪೌರತ್ವಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಬಿ2. ನನ್ನ ಹೆಂಡತಿ ಈಗ ಮಂಗಳವಾರ ಸಂಜೆ ತರಗತಿಗೆ ಹೋಗುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಸರಿಯಾಗಿದೆ, ನಾನೇ ಹೋಗಿ ನೋಡಿ ಬಂದೆ.